ಟೋಕಿಯೊದ ಫಲಿತಾಂಶ ಮತ್ತು ನಮ್ಮ ಮೈದಾನಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

2025ರ ಸೆಪ್ಟೆಂಬರ್ 13ರಿಂದ 21ರವರೆಗೆ ಟೋಕಿಯೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಿಂದ ಭಾರತದ 19 ಮಂದಿಯ ತಂಡ ಪದಕವಿಲ್ಲದೆ ಮರಳಿತು. ಆ ಕುರಿತು ಕರಾವಳಿಯಿಂದಲೂ ಘಟ್ಟದ ಮೇಲಿನ ತಾಲೂಕುಗಳಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನೂರ ನಲವತ್ತು ಕೋಟಿ ಜನರಿರುವ ದೇಶದಿಂದ ಹೋದ ತಂಡಕ್ಕೆ ಒಂದು ಕಂಚೂ ದಕ್ಕಲಿಲ್ಲ. ಎರಡು ವರ್ಷಗಳ ಹಿಂದೆ ಬುಡಾಪೆಸ್ಟ್‌ನಲ್ಲಿ ಚಿನ್ನ ಗೆದ್ದಿದ್ದ ನಮಗೆ ಇದು ಹಿನ್ನಡೆಯಲ್ಲವೇ? — ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಹಿನ್ನಡೆ ಹೌದು. ಆದರೆ ಪದಕ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಹಾಗೆನ್ನಲಾರೆ. 1983ರಲ್ಲಿ ಹೆಲ್ಸಿಂಕಿಯಲ್ಲಿ ಈ ಚಾಂಪಿಯನ್‌ಷಿಪ್ ಆರಂಭವಾದಂದಿನಿಂದ ಟೋಕಿಯೊದವರೆಗೆ ಭಾರತಕ್ಕೆ ಬಂದಿರುವುದು ಒಟ್ಟು ಮೂರೇ ಪದಕ. 2003ರಲ್ಲಿ ಪ್ಯಾರಿಸ್‌ನಲ್ಲಿ ಉದ್ದಜಿಗಿತದಲ್ಲಿ 6.70 ಮೀಟರ್ ಜಿಗಿದ ಅಂಜು ಬಾಬಿ ಜಾರ್ಜ್ ಅವರದು ಕಂಚು. 2022ರಲ್ಲಿ ಅಮೆರಿಕದ ಯುಜೀನ್‌ನಲ್ಲಿ ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಅವರದು ಬೆಳ್ಳಿ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 88.17 ಮೀಟರ್ ಎಸೆತಕ್ಕೆ ಅವರಿಗೇ ಚಿನ್ನ. ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ನಾವು ದೇಶದ ಸಾಧನೆಯೆಂದು ಎಣಿಸುತ್ತಾ ಬಂದದ್ದು ಒಬ್ಬ ಮನುಷ್ಯನ ತೋಳಿನ ಸಾಧನೆಯನ್ನು. ಅವರ ಬೆನ್ನು ಕೈಕೊಟ್ಟ ವರ್ಷ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲವಾಯಿತು.

ತಂಡದ ಸಾಧನೆಯನ್ನು ಅಳೆಯಲು ನಾನು ಬೇರೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ವರ್ಷದ ಅತಿ ದೊಡ್ಡ ದಿನದಂದು ಕ್ರೀಡಾಪಟು ತನ್ನ ಅತ್ಯುತ್ತಮ ಮಟ್ಟವನ್ನು ಮುಟ್ಟಿದನೇ, ಮುಟ್ಟಿದಳೇ? ಟೋಕಿಯೊದಲ್ಲಿ ಇಬ್ಬರ ಬಗ್ಗೆ ನಿಸ್ಸಂಶಯವಾಗಿ ಹೌದು ಎನ್ನಬಹುದು. ಉತ್ತರ ಪ್ರದೇಶದ ಸಚಿನ್ ಯಾದವ್ ಜಾವೆಲಿನ್ ಫೈನಲ್‌ನ ಮೊದಲ ಎಸೆತದಲ್ಲೇ 86.27 ಮೀಟರ್ ದೂರ ಕಂಡುಕೊಂಡರು. ಅದು ಅವರ ಜೀವಮಾನದ ಶ್ರೇಷ್ಠ ಎಸೆತ. ಕಂಚು ಗೆದ್ದ ಅಮೆರಿಕದ ಕರ್ಟಿಸ್ ಥಾಂಪ್ಸನ್ ಎಸೆದದ್ದು 86.67 ಮೀಟರ್. ನಡುವಿನ ಅಂತರ 40 ಸೆಂಟಿಮೀಟರ್, ಒಂದು ಮೊಳಕ್ಕೂ ಕಡಿಮೆ. ನಾಲ್ಕನೆಯ ಸ್ಥಾನಕ್ಕೆ ಪದಕವಿಲ್ಲದ ಕಾರಣ ಮರುದಿನದ ಪತ್ರಿಕೆಗಳಲ್ಲಿ ಅವರಿಗೆ ಸಿಕ್ಕ ಜಾಗ ನೀರಜ್ ಅವರ ಸೋಲಿಗೆ ಸಿಕ್ಕಿದ್ದಕ್ಕಿಂತ ಚಿಕ್ಕದಾಗಿತ್ತು, ಅದು ನನಗೆ ಬೇಸರ ತಂದ ಸಂಗತಿ. ಇನ್ನೊಬ್ಬರು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಸರ್ವೇಶ್ ಕುಶಾರೆ. ವಿಶ್ವ ಚಾಂಪಿಯನ್‌ಷಿಪ್‌ನ ಎತ್ತರ ಜಿಗಿತದಲ್ಲಿ ಫೈನಲ್ ತಲುಪಿದ ಮೊದಲ ಭಾರತೀಯರಾದ ಅವರು ಅಲ್ಲಿ 2.28 ಮೀಟರ್ ಜಿಗಿದು, ತಮ್ಮ ಹಿಂದಿನ ಶ್ರೇಷ್ಠ ಸಾಧನೆಯನ್ನು ಮೀರಿ ಆರನೆಯವರಾದರು.

ಉಳಿದವರ ಸಾಧನೆಯನ್ನು ಇದೇ ಅಳತೆಗೆ ಹಿಡಿದಾಗ ಚಿಂತೆ ಶುರುವಾಗುತ್ತದೆ. ಉದ್ದಜಿಗಿತದ ಮುರಳಿ ಶ್ರೀಶಂಕರ್ ಆಗಸ್ಟ್‌ನಲ್ಲಿ ಭುವನೇಶ್ವರದಲ್ಲಿ 8.13 ಮೀಟರ್ ಜಿಗಿದಿದ್ದರು, ಟೋಕಿಯೊದ ಅರ್ಹತಾ ಸುತ್ತಿನಲ್ಲಿ 7.78ಕ್ಕೆ ನಿಂತರು. ಟ್ರಿಪಲ್ ಜಂಪ್‌ನಲ್ಲಿ 17.37 ಮೀಟರ್‌ನ ರಾಷ್ಟ್ರೀಯ ದಾಖಲೆ ಹೊಂದಿರುವ ಪ್ರವೀಣ್ ಚಿತ್ರವೇಲ್ 16.74 ಮೀಟರ್‌ಗೆ ತೃಪ್ತಿಪಟ್ಟುಕೊಂಡರು. ಅದೇ ಋತುವಿನಲ್ಲಿ 62 ಮೀಟರ್ ದಾಟಿದ್ದ ಅನ್ನು ರಾಣಿ ಅವರ ಜಾವೆಲಿನ್ 55.18 ಮೀಟರ್‌ಗೆ ಬಿತ್ತು. ಇವರಲ್ಲಿ ಯಾರೂ ತಮ್ಮ ಸಾಮಾನ್ಯ ಮಟ್ಟವನ್ನು ಉಳಿಸಿಕೊಳ್ಳಲಿಲ್ಲ. ದೇಶದೊಳಗಿನ ಕೂಟಗಳಲ್ಲಿ ಅರ್ಹತೆ ಗಳಿಸುವುದಕ್ಕೋಸ್ಕರ ಒಮ್ಮೆ ಶಿಖರ ಮುಟ್ಟಿ, ಮುಖ್ಯ ಕೂಟದ ಹೊತ್ತಿಗೆ ಇಳಿಜಾರಿನಲ್ಲಿರುವುದು ನಮ್ಮ ತಂಡದ ಹಳೆಯ ಕಾಯಿಲೆ. ಹಿನ್ನಡೆ ಎಂದು ನಾನು ಹೇಳಿದ್ದು ಇದನ್ನು.

ಗುಲ್ವೀರ್ ಸಿಂಗ್ ಅವರದು ಇನ್ನೂ ವಿಚಾರ ಮಾಡಬೇಕಾದ ಪ್ರಕರಣ. 5000 ಮೀಟರ್ ಓಟವನ್ನು 13 ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಅವರು. 2025ರ ಫೆಬ್ರವರಿಯಲ್ಲಿ ಬಾಸ್ಟನ್‌ನ ಒಳಾಂಗಣದಲ್ಲಿ 12 ನಿಮಿಷ 59.77 ಸೆಕೆಂಡ್‌ಗಳಲ್ಲಿ ಓಡಿದ್ದರು. ಟೋಕಿಯೊದ ಹೀಟ್ಸ್, ಅಂದರೆ ಫೈನಲ್‌ಗೆ ಮುಂಚಿನ ಅರ್ಹತಾ ಓಟ, ನಿಧಾನಗತಿಯಲ್ಲಿ ಸಾಗಿ, ಗುಂಪೆಲ್ಲ ಒಟ್ಟಿಗೇ ಕೊನೆಯ ಸುತ್ತಿಗೆ ಬಂತು. ಫೈನಲ್‌ಗೆ ಎಂಟನೆಯ ಸ್ಥಾನ ಸಾಕಿತ್ತು, ಅವರು ಒಂಬತ್ತನೆಯವರಾದರು. ಸಮಾನ ವೇಗದಲ್ಲಿ ಓಡಿ ದಾಖಲೆ ಮಾಡುವುದು ಒಂದು ವಿದ್ಯೆಯಾದರೆ, ಮೊಣಕೈ ತಾಗುವ ಗುಂಪಿನಲ್ಲಿ ಜಾಗ ಕಾಯ್ದುಕೊಂಡು ಕೊನೆಯ 400 ಮೀಟರ್‌ನಲ್ಲಿ ಸಿಡಿಯುವುದು ಮತ್ತೊಂದು ವಿದ್ಯೆ. ಈ ಎರಡನೆಯದು ಅಂಥ ಓಟಗಳಲ್ಲಿ ಮತ್ತೆ ಮತ್ತೆ ಓಡಿದರೆ ಮಾತ್ರ ಕೈಗೂಡುತ್ತದೆ.

ಜನಸಂಖ್ಯೆಯ ಮಾತಿಗೆ ಬರೋಣ. ಟೋಕಿಯೊದಲ್ಲಿ 88.16 ಮೀಟರ್ ಎಸೆದು ಚಿನ್ನ ಗೆದ್ದ ಕೆಶೋರ್ನ್ ವಾಲ್ಕಾಟ್ ಅವರ ದೇಶ ಟ್ರಿನಿಡಾಡ್ ಮತ್ತು ಟೊಬ್ಯಾಗೊ. ಅಲ್ಲಿನ ಜನಸಂಖ್ಯೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಆಸುಪಾಸಿನದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿದ್ದವರು 14 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಬೆಳ್ಳಿ ಗೆದ್ದ, ಅದಕ್ಕೂ ಮೊದಲು 2019 ಮತ್ತು 2022ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಆಂಡರ್ಸನ್ ಪೀಟರ್ಸ್ ಅವರ ಗ್ರೆನಡಾದಲ್ಲಿ ಇರುವುದು ನಮ್ಮ ಒಂದು ತಾಲೂಕಿನಷ್ಟು ಜನ. ಎರಡೂ ಕ್ರಿಕೆಟ್ ಆಡುವ ದ್ವೀಪಗಳು, ಸಮುದ್ರ ತೀರದ ಊರುಗಳು. ಆದರೆ 1972ರಿಂದ ಕೆರಿಬಿಯನ್ ದ್ವೀಪಗಳ ಎಳೆಯರೆಲ್ಲ ಈಸ್ಟರ್ ಹೊತ್ತಿಗೆ ಒಂದೆಡೆ ಸೇರಿ ಸ್ಪರ್ಧಿಸುವ ಕ್ಯಾರಿಫ್ಟಾ ಕೂಟ ನಡೆಯುತ್ತ ಬಂದಿದೆ. ಅಲ್ಲಿನ ಹುಡುಗನಿಗೆ ಹದಿನೈದನೆಯ ವಯಸ್ಸಿಗೇ ಬೇರೆ ದೇಶದವರ ಎದುರು ಎಸೆದು ಅಭ್ಯಾಸವಾಗಿರುತ್ತದೆ. ಅಥ್ಲೆಟಿಕ್ಸ್‌ನಲ್ಲಿ ಲೆಕ್ಕಕ್ಕೆ ಬರುವುದು ಟ್ರ್ಯಾಕಿಗಿಳಿದು ವರ್ಷವರ್ಷವೂ ಸ್ಪರ್ಧಿಸುವ ಮಕ್ಕಳ ಸಂಖ್ಯೆ. ಕೋಟಿಗಳ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು.

ಪ್ರಶ್ನೆ: ಟಿ.ವಿ.ಯಲ್ಲಿ ಫಲಿತಾಂಶದ ಪಕ್ಕ ಬರುವ ಪಿಬಿ, ಎಸ್‌ಬಿ, ಎನ್‌ಆರ್ ಅಕ್ಷರಗಳ ಅರ್ಥವೇನು? — ಗೃಹಿಣಿ, ಹೊನ್ನಾವರ

ಉತ್ತರ: ಪಿಬಿ ಎಂದರೆ ಆ ಕ್ರೀಡಾಪಟುವಿನ ಈವರೆಗಿನ ಜೀವಮಾನದ ಶ್ರೇಷ್ಠ ಸಾಧನೆ, ಎಸ್‌ಬಿ ಎಂದರೆ ಆ ವರ್ಷದ ಶ್ರೇಷ್ಠ ಸಾಧನೆ, ಎನ್‌ಆರ್ ಎಂದರೆ ರಾಷ್ಟ್ರೀಯ ದಾಖಲೆ. ಮುಂದಿನ ಬಾರಿ ಭಾರತೀಯರ ಹೆಸರಿನ ಮುಂದೆ ಈ ಅಕ್ಷರಗಳು ಬಿದ್ದಿವೆಯೇ ಎಂದು ಗಮನಿಸಿ. ಮೇಲಿನ ಉತ್ತರದಲ್ಲಿ ಹೇಳಿದ ಅಳತೆಯನ್ನು ಮನೆಯಲ್ಲಿ ಕುಳಿತೇ ಹಿಡಿಯಬಹುದು.

ಪ್ರಶ್ನೆ: ನೀರಜ್ ಚೋಪ್ರಾ ಎಂಟನೆಯ ಸ್ಥಾನಕ್ಕಿಳಿದದ್ದನ್ನು ನೋಡಿ ಅಳು ಬಂತು. ಅವರ ಕಾಲ ಮುಗಿಯಿತೇ ಸರ್? — ಕಾಲೇಜು ವಿದ್ಯಾರ್ಥಿನಿ, ಕುಮಟಾ

ಉತ್ತರ: ಮುಗಿದಿದೆ ಎನ್ನಲು ಯಾವ ಆಧಾರವೂ ನನಗೆ ಕಾಣುವುದಿಲ್ಲ. 2021ರಿಂದ ಆರಂಭಿಸಿ ಸತತ 26 ಸ್ಪರ್ಧೆಗಳಲ್ಲಿ ಅವರು ಮೊದಲ ಎರಡು ಸ್ಥಾನಗಳಿಂದ ಕೆಳಗಿಳಿದಿರಲಿಲ್ಲ. ಆ ಸರಣಿ ಟೋಕಿಯೊದಲ್ಲಿ ಕಡಿದುಹೋಯಿತು. 84.03 ಮೀಟರ್ ಅಂದಿನ ಅವರ ಅತ್ಯುತ್ತಮ ಎಸೆತ. ಐದನೆಯ ಎಸೆತ ಫೌಲ್ ಆದಾಗ ಸ್ಪರ್ಧೆಯಿಂದ ಹೊರಬಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ದೋಹಾದಲ್ಲಿ ಅವರು 90.23 ಮೀಟರ್ ಎಸೆದಿದ್ದರು ಎಂಬುದನ್ನೂ, ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 86.18 ಮೀಟರ್‌ಗೆ ಗೆದ್ದಿದ್ದರು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಅವರನ್ನು ಹಿಡಿದು ನಿಲ್ಲಿಸಿದ್ದು ಬೆನ್ನಿನ ತೊಂದರೆ. ಜಾವೆಲಿನ್ ಎಸೆತ ತೋಳಿನ ಕೆಲಸದಂತೆ ಕಂಡರೂ ಅದರ ಬಲ ಹುಟ್ಟುವುದು ನೆಲದಲ್ಲಿ. ಬಲಗೈ ಎಸೆತಗಾರ ಓಡಿಬಂದು ಕೊನೆಯಲ್ಲಿ ಎಡಗಾಲನ್ನು ಮಂಡಿ ಮಡಿಸದೆ ನೆಲಕ್ಕೆ ಊರುತ್ತಾನೆ. ಓಟದ ವೇಗವೆಲ್ಲ ಆ ಹಿಮ್ಮಡಿಯಲ್ಲಿ ಒಮ್ಮೆಗೇ ತಡೆದು, ಸೊಂಟ, ಬೆನ್ನು, ಭುಜಗಳ ಮೂಲಕ ಮೇಲೇರಿ, ಕಡೆಗೆ ಬೆರಳ ತುದಿಯಿಂದ 800 ಗ್ರಾಂ ತೂಕದ ಜಾವೆಲಿನ್‌ಗೆ ಹೋಗುತ್ತದೆ. ಆ ಕ್ಷಣದಲ್ಲಿ ಹಿಂದಕ್ಕೆ ಬಿಲ್ಲಿನಂತೆ ಬಾಗಿದ ಬೆನ್ನುಮೂಳೆಯ ಮೇಲೆ ಬೀಳುವ ಹೊರೆ ಅಪಾರ. ಬೆನ್ನು ನೋಯುತ್ತಿದ್ದರೆ ಮನಸ್ಸು ಎಷ್ಟೇ ಗಟ್ಟಿಯಾಗಿದ್ದರೂ ದೇಹ ತಾನಾಗಿಯೇ ಎಡಗಾಲನ್ನು ತುಸು ಸಡಿಲಿಸುತ್ತದೆ, ಮೀಟರುಗಟ್ಟಲೆ ದೂರ ಅಲ್ಲೇ ಕಳೆದುಹೋಗುತ್ತದೆ.

ವಯಸ್ಸಿನ ವಿಚಾರದಲ್ಲಿ ವಾಲ್ಕಾಟ್ ಅವರನ್ನೇ ನೋಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 19ನೆಯ ವಯಸ್ಸಿಗೆ ಚಿನ್ನ ಗೆದ್ದ ಅವರು ಮೊದಲ ವಿಶ್ವ ಚಾಂಪಿಯನ್‌ಷಿಪ್ ಪದಕವನ್ನು ಕಂಡದ್ದು 32ನೆಯ ವಯಸ್ಸಿಗೆ, ಇದೇ ಟೋಕಿಯೊದಲ್ಲಿ. ಅಂದು ನೀರಜ್ ಅವರಿಗೆ ವಯಸ್ಸು 27. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 92.97 ಮೀಟರ್ ಎಸೆದು ಎಲ್ಲರನ್ನೂ ಬೆರಗುಗೊಳಿಸಿದ್ದ ಪಾಕಿಸ್ತಾನದ ಅರ್ಷದ್ ನದೀಮ್ ಕೂಡ ಟೋಕಿಯೊದಲ್ಲಿ ಹತ್ತನೆಯವರಾದರು. ಈ ಸ್ಪರ್ಧೆಯ ಸ್ವಭಾವವೇ ಹಾಗೆ.

ಪ್ರಶ್ನೆ: ಬುಡಾಪೆಸ್ಟ್‌ನಲ್ಲಿ ನಮ್ಮ 4×400 ಮೀಟರ್ ರಿಲೇ ತಂಡ ಅಮೆರಿಕದವರನ್ನು ಬೆನ್ನಟ್ಟಿದ ದೃಶ್ಯ ಇನ್ನೂ ಕಣ್ಣಮುಂದಿದೆ. ಆ ತಂಡ ಟೋಕಿಯೊದಲ್ಲಿ ಏಕೆ ಇರಲಿಲ್ಲ? — ವ್ಯಾಪಾರಿ, ಶಿರಸಿ

ಉತ್ತರ: 2023ರ ಆ ಹೀಟ್ಸ್‌ನಲ್ಲಿ ಮುಹಮ್ಮದ್ ಅನಸ್, ಅಮೋಜ್ ಜೇಕಬ್, ಮುಹಮ್ಮದ್ ಅಜ್ಮಲ್ ಮತ್ತು ರಾಜೇಶ್ ರಮೇಶ್ ಸೇರಿ 2 ನಿಮಿಷ 59.05 ಸೆಕೆಂಡ್‌ಗಳಲ್ಲಿ ಓಟ ಮುಗಿಸಿ, ಜಪಾನಿನ ಹೆಸರಿನಲ್ಲಿದ್ದ ಏಷ್ಯಾ ದಾಖಲೆಯನ್ನು ಅಳಿಸಿದರು. ಅಮೆರಿಕ ಅವರಿಗಿಂತ ಮುಂದಿದ್ದದ್ದು 0.58 ಸೆಕೆಂಡ್ ಮಾತ್ರ. ಫೈನಲ್‌ನಲ್ಲಿ 2 ನಿಮಿಷ 59.92 ಸೆಕೆಂಡ್‌ಗಳೊಂದಿಗೆ ಐದನೆಯ ಸ್ಥಾನ ಬಂತು. ನನ್ನ ದೃಷ್ಟಿಯಲ್ಲಿ ಆ ಕೂಟದಲ್ಲಿ ನೀರಜ್ ಅವರ ಚಿನ್ನದ ನಂತರ ಭಾರತದ ದೊಡ್ಡ ಸಾಧನೆ ಇದೇ. ನಾಲ್ವರೂ ಒಂದೇ ದಿನ ತಮ್ಮ ಮಿತಿ ಮೀರಿದ ಉದಾಹರಣೆ ನಮ್ಮಲ್ಲಿ ಅಪರೂಪ.

ಆ ಸಮಯವನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 44.76 ಸೆಕೆಂಡ್ ಬರುತ್ತದೆ. ಆಗ 400 ಮೀಟರ್ ಓಟದ ರಾಷ್ಟ್ರೀಯ ದಾಖಲೆ ಅನಸ್ ಅವರ 45.21 ಸೆಕೆಂಡ್. ನಾಲ್ವರ ಸರಾಸರಿ ದಾಖಲೆಗಿಂತ ವೇಗವಾಗಿ ಬಂದದ್ದು ಹೇಗೆಂದು ಕೇಳಬಹುದು. ಮೊದಲನೆಯವನು ಮಾತ್ರ ನಿಂತ ಸ್ಥಿತಿಯಿಂದ ಹೊರಡುತ್ತಾನೆ. ಉಳಿದ ಮೂವರು ಬೇಟನ್ ಕೈಗೆ ಬರುವಾಗಲೇ ಓಡುತ್ತಿರುತ್ತಾರೆ, ಹೀಗಾಗಿ ಆರಂಭದ ಜಡತೆ ಅವರಿಗಿಲ್ಲ. ಮುಂದೊಬ್ಬ ಎದುರಾಳಿ ಕಾಣುತ್ತಿರುವಾಗ ಕಾಲು ತಾನಾಗಿ ಮುಂದೆ ಹೋಗುವುದೂ ಉಂಟು.

ಆದರೆ ರಿಲೇಗೆ ನಾಲ್ವರು ಸಾಲದು. ಒಬ್ಬರಿಗೆ ಮಂಡಿಯೋ ತೊಡೆಯ ಹಿಂಭಾಗವೋ ಕೈಕೊಟ್ಟರೆ ಅದೇ ವೇಗದ ಐದನೆಯ, ಆರನೆಯ ಓಟಗಾರ ಸಿದ್ಧವಿರಬೇಕು. ನಮ್ಮಲ್ಲಿ ಆ ಆಳ ಇರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಂಡ 3 ನಿಮಿಷ 00.58 ಸೆಕೆಂಡ್‌ಗಳಿಗೆ ಇಳಿದು ಹೀಟ್ಸ್‌ನಲ್ಲೇ ನಿಂತಿತು, 2025ರ ಟೋಕಿಯೊಗೆ ಅರ್ಹತೆಯೇ ಸಿಗಲಿಲ್ಲ. ಅದೇ 2025ರಲ್ಲಿ ತಮಿಳುನಾಡಿನ ವಿಶಾಲ್ ಟಿ.ಕೆ. ಚೆನ್ನೈನಲ್ಲಿ 45.12 ಸೆಕೆಂಡ್‌ಗಳಲ್ಲಿ ಓಡಿ ಅನಸ್ ಅವರ ದಾಖಲೆಯನ್ನು ಮುರಿದದ್ದು ಆಶಾದಾಯಕ. ಆದರೂ ಟೋಕಿಯೊದ ವೈಯಕ್ತಿಕ 400 ಮೀಟರ್‌ಗೆ ನೇರ ಅರ್ಹತೆ 44.85 ಸೆಕೆಂಡ್ ಆಗಿತ್ತು ಎಂಬುದನ್ನು ನೆನಪಿಡಬೇಕು.

ಪ್ರಶ್ನೆ: ಒಂಬತ್ತನೆಯ ತರಗತಿಯ ನನ್ನ ಮಗಳು ತಾಲೂಕು ಕೂಟದಲ್ಲಿ 100 ಮೀಟರ್ ಓಟವನ್ನು 13.2 ಸೆಕೆಂಡ್‌ನಲ್ಲಿ ಓಡಿದಳು ಎಂದು ಮಾಸ್ತರರು ಹೇಳಿದರು. ರಾಷ್ಟ್ರಮಟ್ಟಕ್ಕೆ ಇನ್ನೆಷ್ಟು ದೂರ? ಸಂಜೆ ಸಮುದ್ರದಂಡೆಯಲ್ಲಿ ಓಡಿಸುತ್ತಿದ್ದೇನೆ, ಸರಿಯೇ? — ತಂದೆ, ಅಂಕೋಲಾ

ಉತ್ತರ: ಮೊದಲು ಆ 13.2ರ ಬಗ್ಗೆ. ಸ್ಟಾಪ್‌ವಾಚ್‌ನಲ್ಲಿ ಕೈಯಿಂದ ಅಳೆದ ಸಮಯ ಯಾವಾಗಲೂ ಓಟಗಾರರಿಗೆ ಅನುಕೂಲವಾಗಿಯೇ ಬರುತ್ತದೆ. ಹೊರಡುವ ಸಂಕೇತವನ್ನು ಕಂಡ ಮೇಲೆ ಬೆರಳು ಗುಂಡಿ ಒತ್ತಲು ತುಸು ತಡವಾಗುತ್ತದೆ, ಮುಕ್ತಾಯದ ಗೆರೆಯಲ್ಲಾದರೋ ಓಡಿಬರುವವಳನ್ನು ಮೊದಲೇ ಕಾಣುತ್ತಿರುವುದರಿಂದ ಬೆರಳು ಕಾಯುವುದಿಲ್ಲ. ಆದ್ದರಿಂದ 100 ಮೀಟರ್ ಓಟದ ಕೈಗಡಿಯಾರದ ಸಮಯಕ್ಕೆ 0.24 ಸೆಕೆಂಡ್ ಸೇರಿಸಿ ವಿದ್ಯುನ್ಮಾನ ಸಮಯಕ್ಕೆ ಹೋಲಿಸುವ ರೂಢಿಯಿದೆ. ಇನ್ನೊಂದು ಸೂಕ್ಷ್ಮವನ್ನು ಶಾಲಾ ಕೂಟಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮುಕ್ತಾಯದ ಗೆರೆಯ ಬಳಿ ನಿಂತವರು ಪಿಸ್ತೂಲಿನ ಹೊಗೆಯನ್ನೋ ಸ್ಟಾರ್ಟರ್ ಬೀಸುವ ಬಾವುಟವನ್ನೋ ನೋಡಿ ಗುಂಡಿ ಒತ್ತಬೇಕು. ಶಿಳ್ಳೆಯ ಸದ್ದು ಕೇಳಿ ಒತ್ತಿದರೆ, ಆ ಸದ್ದು 100 ಮೀಟರ್ ದಾಟಿ ಅವರ ಕಿವಿಗೆ ಬರುವುದಕ್ಕೇ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ. ನಿಮ್ಮ ಮಗಳ ನಿಜವಾದ ಸಮಯ 13.4 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೆಂದು ಇಟ್ಟುಕೊಳ್ಳಿ. ಮಣ್ಣಿನ ಟ್ರ್ಯಾಕ್‌ನಲ್ಲಿ, ಮೊಳೆಯ ಬೂಟಿಲ್ಲದೆ ಓಡುವ ಹದಿನಾಲ್ಕು ವರ್ಷದ ಹುಡುಗಿಗೆ ಇದು ಖುಷಿಪಡಬೇಕಾದ ಸಮಯ.

ಮಹಿಳೆಯರ ರಾಷ್ಟ್ರೀಯ ದಾಖಲೆ ದ್ಯುತಿ ಚಂದ್ ಅವರ 11.17 ಸೆಕೆಂಡ್. ದ್ಯುತಿ ಗೆರೆ ಮುಟ್ಟುವ ಹೊತ್ತಿಗೆ ನಿಮ್ಮ ಮಗಳು ಸುಮಾರು 17 ಮೀಟರ್ ಹಿಂದಿರುತ್ತಾಳೆ. ಈ ವಯಸ್ಸಿನಲ್ಲಿ ಆ ಅಂತರವನ್ನು ಲೆಕ್ಕ ಹಾಕುತ್ತ ಕೂರಬೇಡಿ. ಪ್ರತಿ ವರ್ಷ ಅವಳದೇ ಹಿಂದಿನ ವರ್ಷದ ಸಮಯಕ್ಕೆ ಹೋಲಿಸಿ, ಅದೂ ಒಂದೇ ಮೈದಾನದಲ್ಲಿ, ಒಬ್ಬರೇ ಗಡಿಯಾರ ಹಿಡಿದಾಗ. ಗಾಳಿಯನ್ನೂ ಗಮನಿಸಿ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ 100 ಮೀಟರ್ ಓಟದ ಸಮಯ ದಾಖಲೆಗೆ ಸಲ್ಲುವುದಿಲ್ಲ. ನಮ್ಮ ಕರಾವಳಿಯ ಮಧ್ಯಾಹ್ನದ ಕಡಲಗಾಳಿ ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ.

ಸಮುದ್ರದಂಡೆಯಲ್ಲಿ ಓಡಿಸುವುದು ಒಳ್ಳೆಯದೇ, ಆದರೆ ಇಳಿತದ ಹೊತ್ತಿನಲ್ಲಿ ನೀರು ಸರಿದು ಗಟ್ಟಿಯಾದ ಮರಳನ್ನೇ ಆರಿಸಿಕೊಳ್ಳಿ. ದಂಡೆ ಕಡಲಿನ ಕಡೆಗೆ ಓರೆಯಾಗಿರುವುದರಿಂದ ಒಂದೇ ದಿಕ್ಕಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬಿದ್ದು ಸೊಂಟ, ಮಂಡಿಗಳಿಗೆ ನೋವು ಬರುತ್ತದೆ. ಹೋದಷ್ಟೇ ದೂರ ಹಿಂದಕ್ಕೂ ಓಡಿಸಿ. ಸಡಿಲ ಮರಳಿನ ಮೇಲೆ ಪೂರ್ಣ ವೇಗದ ಓಟ ಬೇಡ. ಹಿಮ್ಮಡಿಯ ಮೇಲಿನ ನರಕ್ಕೆ ಅದು ಭಾರ.

ಪ್ರಶ್ನೆ: ನಮ್ಮ ಭಾಗದ ಸಿದ್ದಿ ಜನಾಂಗದವರು ಆಫ್ರಿಕಾ ಮೂಲದವರು. ಕೀನ್ಯಾ, ಜಮೈಕಾದವರಂತೆ ಇವರೂ ಪದಕ ತರಬಲ್ಲರಲ್ಲವೇ? ಸರಕಾರ ಏಕೆ ಪ್ರಯತ್ನಿಸುವುದಿಲ್ಲ? — ಕೃಷಿಕರು, ಯಲ್ಲಾಪುರ

ಉತ್ತರ: ಪ್ರಯತ್ನ ಒಮ್ಮೆ ನಡೆದಿತ್ತು, ಅದು ಹೇಗೆ ಮುಗಿಯಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದೊಯ್ದಿತು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿಯವರ ಹೆಸರು ಆಗ ಕೇಳಿಬಂದದ್ದು ಹಾಗೆ. 1990ರ ದಶಕದ ಆರಂಭದಲ್ಲಿ ಸಿದ್ದಿಗಳಿಗಾಗಿ ಇದ್ದ ಆ ಕಾರ್ಯಕ್ರಮ ನಿಂತುಹೋಯಿತು. ಎಳೆಯ ಓಟಗಾರನೊಬ್ಬ ಹಿರಿಯರ ಅಂತರರಾಷ್ಟ್ರೀಯ ಮಟ್ಟಕ್ಕೆ ಬೆಳೆಯಲು ಎಂಟು ಹತ್ತು ವರ್ಷಗಳಾದರೂ ಬೇಕು. ಕಾಡಿನಂಚಿನ ಮನೆಯಿಂದ, ತನ್ನ ಭಾಷೆ, ಊಟ, ಬಂಧುಗಳಿಂದ ದೂರ ಕರೆದೊಯ್ದ ಮಗುವನ್ನು ಆ ಅವಧಿಯ ಅರ್ಧದಲ್ಲೇ ಮನೆಗೆ ಕಳುಹಿಸಿದರೆ ಆ ಮಗುವಿಗೆ ಓಟವೂ ಇಲ್ಲ, ಓದೂ ಇಲ್ಲ. ಆ ತಲೆಮಾರಿಗೆ ಆದ ಅನ್ಯಾಯವನ್ನು ನಮ್ಮ ಜಿಲ್ಲೆ ಮರೆಯಬಾರದು.

ಮೂಲದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಮೈಕಾದವರು ಕಿರು ಓಟದಲ್ಲಿ, ಕೀನ್ಯಾದವರು ದೂರದ ಓಟದಲ್ಲಿ ಮುಂದಿದ್ದಾರೆ. ಎರಡಕ್ಕೂ ಒಂದೇ ರಕ್ತ ಕಾರಣವೆನ್ನಲು ಬರುವುದಿಲ್ಲ. ಜಮೈಕಾದಲ್ಲಿ 1910ರಿಂದ ನಡೆಯುತ್ತಿರುವ ಪ್ರೌಢಶಾಲಾ ಕೂಟಕ್ಕೆ ಇಡೀ ದೇಶವೇ ಸೇರುತ್ತದೆ. ಕೀನ್ಯಾದಲ್ಲಿ ಎತ್ತರದ ಪ್ರದೇಶದ ತೆಳು ಗಾಳಿ, ಗುಂಪಿನಲ್ಲಿ ಓಡುವ ಪದ್ಧತಿ, ಗೆದ್ದು ಬಂದ ಹಿರಿಯರು ಕಣ್ಣೆದುರೇ ಇರುವುದು, ಇವೆಲ್ಲ ಕೂಡಿವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಮಕ್ಕಳಿಗೆ ಓಡುವ ಆಸೆಯಿದ್ದರೆ ಅವರಿಗೆ ಹತ್ತಿರದಲ್ಲೇ ಮೈದಾನ, ಒಬ್ಬ ಖಾಯಂ ತರಬೇತುದಾರ, ಹೊಟ್ಟೆ ತುಂಬ ಊಟ, ಜೊತೆಗೆ ಓದು ಸಿಗಬೇಕು. ಪಕ್ಕದ ಕೇರಿಯ ಹವ್ಯಕರ, ಹಾಲಕ್ಕಿಗಳ, ಕುಣಬಿಗಳ ಮಕ್ಕಳಿಗೂ ಅಷ್ಟೇ. ಮೈಬಣ್ಣ ನೋಡಿ ಪದಕದ ನಿರೀಕ್ಷೆ ಹೇರುವುದು ಮಗುವಿಗೆ ಮಾಡುವ ಉಪಕಾರವಲ್ಲ.

ಪ್ರಶ್ನೆ: ವಿಶ್ವವಿದ್ಯಾಲಯದ ಕೂಟಕ್ಕೆ ಆಯ್ಕೆಯಾಗಿದ್ದೇನೆ. ಜಿಮ್‌ನಲ್ಲಿ ಒಂದು ಪುಡಿ ಕೊಟ್ಟು, ರಾಷ್ಟ್ರಮಟ್ಟದವರೆಲ್ಲ ಇದನ್ನೇ ತೆಗೆದುಕೊಳ್ಳುತ್ತಾರೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ? — ಓಟಗಾರ, ಭಟ್ಕಳ

ಉತ್ತರ: ಬೇಡ. ದಯವಿಟ್ಟು ಬೇಡ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ 2022ರ ವರದಿಯಲ್ಲಿ, ಎರಡು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳ ಪೈಕಿ ಸಿಕ್ಕಿಬಿದ್ದವರ ಪ್ರಮಾಣ ಭಾರತದಲ್ಲೇ ಅತಿ ಹೆಚ್ಚು, ಶೇ 3.2. 2023ರಲ್ಲಿ ದೆಹಲಿ ರಾಜ್ಯ ಕೂಟಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ಅಧಿಕಾರಿಗಳು ಬಂದಿದ್ದಾರೆಂಬ ಸುದ್ದಿ ಹರಡುತ್ತಲೇ ಸ್ಪರ್ಧಿಗಳು ಕಾಣೆಯಾಗಿ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ್ದನ್ನು ನೀವೂ ಓದಿರಬಹುದು. ದೇಶದ ತಂಡದ ಸಾಧನೆಯ ಬಗ್ಗೆ ಮಾತಾಡುವಾಗ ಈ ಕಳಂಕವನ್ನು ಬದಿಗಿಡಲಾಗದು.

ನಿಯಮ ಬಹಳ ಕಟ್ಟುನಿಟ್ಟು. ಮೂತ್ರದಲ್ಲೋ ರಕ್ತದಲ್ಲೋ ನಿಷೇಧಿತ ವಸ್ತು ಕಂಡರೆ ಹೊಣೆ ನಿಮ್ಮದೇ. ಪುಡಿಯಲ್ಲಿ ಬೆರೆತದ್ದು ತಿಳಿದಿರಲಿಲ್ಲವೆಂಬ ಮಾತಿನಿಂದ ಮುಕ್ತಿ ಸಿಗದು. ಮೊದಲ ತಪ್ಪಿಗೇ ನಾಲ್ಕು ವರ್ಷ ನಿಷೇಧ ಬೀಳಬಹುದು, ಓಟಗಾರನ ಆಯುಸ್ಸಿನಲ್ಲಿ ಅದು ಸರ್ವಸ್ವ. ಹೆಸರಿಲ್ಲದ ಡಬ್ಬಿಯಿಂದ ಚಮಚದಲ್ಲಿ ಅಳೆದುಕೊಟ್ಟದ್ದನ್ನು ಬಾಯಿಗೆ ಹಾಕಬೇಡಿ. ಕೆಮ್ಮು, ಜ್ವರಕ್ಕೆ ವೈದ್ಯರ ಬಳಿ ಹೋದಾಗಲೂ ನೀವು ಸ್ಪರ್ಧಿಸುವ ಓಟಗಾರ ಎಂದು ಮೊದಲೇ ಹೇಳಿ, ಬರೆದುಕೊಟ್ಟ ಔಷಧವನ್ನು ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಪರೀಕ್ಷಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಮೀನಿದೆ, ಮೊಟ್ಟೆಯಿದೆ, ಹೆಸರುಕಾಳು, ಕಡಲೆ ಇವೆ. ವಿಶ್ವವಿದ್ಯಾಲಯ ಮಟ್ಟದ ಓಟಕ್ಕೆ ಬೇಕಾದ ಪ್ರೋಟೀನ್ ಅಷ್ಟರಲ್ಲಿ ಧಾರಾಳವಾಗಿ ಸಿಗುತ್ತದೆ.

ಪ್ರಶ್ನೆ: ಮಕ್ಕಳಿಗೆ ಜಾವೆಲಿನ್ ಕಲಿಸುವ ಆಸೆಯಿದೆ. ಶಾಲೆಯಲ್ಲಿ ಸಾಮಗ್ರಿ ಇಲ್ಲ, ಮಳೆಗಾಲವೆಲ್ಲ ಮೈದಾನ ಕೆಸರು. ಎಲ್ಲಿಂದ ಆರಂಭಿಸಲಿ? — ದೈಹಿಕ ಶಿಕ್ಷಕಿ, ಸಿದ್ದಾಪುರ

ಉತ್ತರ: ಚೆಂಡಿನಿಂದ ಆರಂಭಿಸಿ. ಸಚಿನ್ ಯಾದವ್ ಮೊದಲು ಕ್ರಿಕೆಟ್ ಆಡುತ್ತಿದ್ದವರು, ಅರ್ಷದ್ ನದೀಮ್ ಕೂಡ. ಕಿವಿಯ ಪಕ್ಕದಲ್ಲಿ ಹಾಯ್ದು ನೇರ ಮುಂದಕ್ಕೆ ಬರುವ ಕೈಯನ್ನು ರಬ್ಬರ್ ಚೆಂಡಿನಿಂದಲೇ ಕಲಿಸಬಹುದು. ಮಳೆಯ ದಿನಗಳಲ್ಲಿ ಶಾಲೆಯ ಜಗಲಿಯಲ್ಲಿ ನಿಂತು ಗೋಡೆಗೆ ಎಸೆದರೂ ಆಯಿತು. ಕೈ ಹದಕ್ಕೆ ಬಂದ ಮೇಲೆ ನೆಟ್ಟಗಿನ ತೆಳು ಬಿದಿರನ್ನು ಗಂಟು ಹೆರೆದು ನುಣುಪು ಮಾಡಿ, ಹಿಡಿಯುವಲ್ಲಿ ಹುರಿ ಸುತ್ತಿ ಕೊಡಿ. ನೆಲ ಒದ್ದೆಯಿರುವಷ್ಟು ದಿನ ಓಡಿಬಂದು ಎಸೆಯಲು ಬಿಡಬೇಡಿ, ಊರಿದ ಕಾಲು ಜಾರಿದರೆ ಮಂಡಿ ತಿರುಚುತ್ತದೆ. ನಿಂತಲ್ಲಿಂದ ಅಥವಾ ಮೂರು ಹೆಜ್ಜೆಯಿಂದ ಎಸೆದರೆ ಸಾಕು.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ನಿಮ್ಮ ಸೂಚನೆಯ ಮೇಲೆ ಎಸೆಯಬೇಕು, ಕೊನೆಯವರು ಎಸೆದ ನಂತರವೇ ಎಲ್ಲರೂ ಒಟ್ಟಿಗೆ ನಡೆದು ಹೋಗಿ ತರಬೇಕು, ಓಡಿ ಹೋಗಬಾರದು. ನೆಲಕ್ಕೆ ಚುಚ್ಚಿದ್ದನ್ನು ಕೀಳುವಾಗ ಹಿಂದೆ ಯಾರೂ ನಿಂತಿರಬಾರದು. ಇದನ್ನು ಮೊದಲ ದಿನವೇ ರೂಢಿಸಿದರೆ ಮಕ್ಕಳು ಮರೆಯುವುದಿಲ್ಲ.

ಸರ್ವೇಶ್ ಕುಶಾರೆ ಊರಿನಲ್ಲಿ ಮೆಕ್ಕೆಜೋಳದ ಸಿಪ್ಪೆ ತುಂಬಿದ ಹಾಸಿಗೆಯ ಮೇಲೆ ಜಿಗಿದು ಕಲಿತವರು ಎಂಬುದನ್ನು ಕೇಳಿ, ಕೆಲವರು ಹುಲ್ಲಿನ ಮೆದೆಯ ಮೇಲೆ ಎತ್ತರ ಜಿಗಿತ ಮಾಡಿಸಲು ಹೊರಟಿದ್ದಾರೆ. ಬೆನ್ನು ಕೆಳಗೆ ಮಾಡಿ ಬೀಳುವ ಶೈಲಿಯನ್ನು ತಕ್ಕ ಫೋಮ್ ಹಾಸಿಗೆ ಇಲ್ಲದೆ ಕಲಿಸಬೇಡಿ, ಕುತ್ತಿಗೆಗೆ ಅಪಾಯ. ಕಾಲು ಮೊದಲು ಬೀಳುವ ಕತ್ತರಿ ಜಿಗಿತವನ್ನು ಮರಳಿನ ಗುಂಡಿಯಲ್ಲಿ ಕಲಿಸಬಹುದು. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ 14 ಮತ್ತು 16 ವರ್ಷದೊಳಗಿನವರಿಗಾಗಿ ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟ ನಡೆಸುತ್ತದೆ. ಅದಕ್ಕೆ ತಂಡ ಹೋಗುವುದು ಜಿಲ್ಲೆಯ ಹೆಸರಿನಲ್ಲಿ. ಆಯ್ಕೆ ಯಾವಾಗ ನಡೆಯುತ್ತದೆಂದು ಜಿಲ್ಲಾ ಅಥ್ಲೆಟಿಕ್ ಸಂಸ್ಥೆಯಲ್ಲಿ ಈಗಲೇ ವಿಚಾರಿಸಿ, ವಯಸ್ಸಿನ ದಾಖಲೆಗಳನ್ನು ಸಿದ್ಧಪಡಿಸಿಟ್ಟುಕೊಳ್ಳಿ. ಆಯ್ಕೆಯ ಸುದ್ದಿ ಘಟ್ಟದ ಮೇಲಿನ ಶಾಲೆಗಳಿಗೆ ತಲುಪುವ ಹೊತ್ತಿಗೆ ದಿನಾಂಕ ಕಳೆದಿರುವುದು ಹಲವು ಮಕ್ಕಳಿಗೆ ತಪ್ಪಿದ ಅವಕಾಶವಾಗಿದೆ.

ಪ್ರಶ್ನೆ: ಮುಂದಿನ ವಿಶ್ವ ಚಾಂಪಿಯನ್‌ಷಿಪ್ ಎಲ್ಲಿ, ಯಾವಾಗ? — ಪ್ರೌಢಶಾಲಾ ವಿದ್ಯಾರ್ಥಿ, ಮುಂಡಗೋಡ

ಉತ್ತರ: 2027ರ ಸೆಪ್ಟೆಂಬರ್‌ನಲ್ಲಿ, ಚೀನಾದ ಬೀಜಿಂಗ್‌ನಲ್ಲಿ. ಅದಕ್ಕೂ ಮೊದಲು 2026ರ ಸೆಪ್ಟೆಂಬರ್ 19ರಿಂದ ಜಪಾನಿನ ಐಚಿ ಮತ್ತು ನಗೋಯಾದಲ್ಲಿ ಏಷ್ಯನ್ ಗೇಮ್ಸ್. ಹಿಂದಿನ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ, ಅಥ್ಲೆಟಿಕ್ಸ್‌ನಿಂದಲೇ ಭಾರತಕ್ಕೆ 6 ಚಿನ್ನ ಸೇರಿ 29 ಪದಕ ಬಂದಿದ್ದವು.